ಮದ್ದಿನ ಮನೆಯ ಹೊರಗೆ ಫಿದೆಲಿನಾ

ನಸುಕಿನಲ್ಲಿ ಮಿರ್ತಾ ಪಟಾಕಿಯ ಮದ್ದಿನ ಮನೆಯ ಬಾಗಿಲು ತೆಗೆಯುತ್ತಾಳೆ. ನೆಲಕ್ಕೆ ನೀರು ಚಿಮುಕಿಸುತ್ತಾಳೆ. ಬಾಗಿಲ ಎರಡೂ ಪಕ್ಕ ತುಂಬಿದ ಬಕೆಟ್ಟು ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ. ಅವಳ ಚಿಕ್ಕಮ್ಮ ಫಿದೆಲಿನಾ ಬೊರೊರ್ ಹೊರಗೆ, ತಗಡಿನ ಸೂರಿನ ಕೆಳಗಿನ ಬೆಂಚಿನ ಮೇಲೆ ಕೂತು ಹಳೇ ಪೇಪರನ್ನು ಕೋಲಿಗೆ ಸುತ್ತಿ ಪಟಾಕಿಯ ಕೊಳವೆ ಮಾಡುತ್ತಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೊಡುವ ಕೆಲಸ ಅದು. ಈ ಮದ್ದಿನ ಮನೆ ಫಿದೆಲಿನಾ ಅವರದೇ. ಹಬ್ಬದ ಗರ್ನಾಲಿಗೆ ಮದ್ದು ತುಂಬಲು ಬರುವುದೂ ಇಲ್ಲಿ ಅವರೊಬ್ಬರಿಗೇ. ಆದರೂ ಈ ವಾರ ಅವರು ಹೊಸಿಲು ದಾಟಿಲ್ಲ.

ಊರಿನ ಸಂತನ ಹಬ್ಬ ಹತ್ತಿರ ಬಂದಿದೆ. ಸಂತನ ವಿಗ್ರಹ ಹೊತ್ತು ಹೊರಡುವಾಗ ಕಬ್ಬಿಣದ ಕೊಳವೆಯಿಂದ ಮೇಲಕ್ಕೆ ಹಾರಿ ಬೆಟ್ಟಗಳಿಗೆಲ್ಲ ಕೇಳುವಂತೆ ಒಡೆಯುವ ಗರ್ನಾಲುಗಳು ಗ್ವಾಟೆಮಾಲಾದ ಪಶಾಕ್ ಹಳ್ಳಿಯ ಈ ಮನೆಯಿಂದಲೇ ಹೋಗಬೇಕು. ಖಾಲಿ ಗುಂಡುಗಳು ಒಳಗೆ ಸಾಲಾಗಿ ಕೂತಿವೆ. ತುಂಬುವವರು ಹೊರಗೆ ಕೂತಿದ್ದಾರೆ.

ಪಶಾಕ್‌ನಲ್ಲಿ ಬೆಳಗ್ಗೆ ಎದುರಾದವರು ಒಬ್ಬರನ್ನೊಬ್ಬರು ಕೇಳುವುದು "ಎದೆ ನೆಟ್ಟಗಿದೆಯಾ?" ಎಂದು. ಚೆನ್ನಾಗಿದ್ದೀರಾ ಎಂದಷ್ಟೇ ಅದರ ಅರ್ಥ. ಯಾರೂ ಉತ್ತರಕ್ಕೆ ನಿಲ್ಲುವುದಿಲ್ಲ. ಫಿದೆಲಿನಾ ನಿಲ್ಲುತ್ತಾರೆ. ಕೆಲಸಕ್ಕೆ ಬರುವ ಒಬ್ಬೊಬ್ಬರನ್ನೂ ಬಾಗಿಲಲ್ಲಿ ತಡೆದು ಕೇಳುತ್ತಾರೆ, ಉತ್ತರ ಬರುವವರೆಗೆ ಮುಖ ನೋಡುತ್ತಾರೆ. ಗಂಡನ ಜೊತೆ ಜಗಳವಾಡಿ ಬಂದವಳಿಗೆ, ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರ ಮೇಲೆ ಕುದಿಯುತ್ತ ಬಂದವನಿಗೆ ಅವತ್ತು ಒಳಗೆ ಪ್ರವೇಶವಿಲ್ಲ. ಬೆಂಚಿನ ಮೇಲೆ ಕೂತು ಪೇಪರು ಸುತ್ತಬೇಕು. ಮಾತಾಡಿ ಸರಿಮಾಡಿಕೊಂಡು ಬಂದ ಮೇಲೆ ಮದ್ದು ಮುಟ್ಟಬಹುದು. ಕೂಲಿಯಲ್ಲಿ ಮಾತ್ರ ಏನೂ ಕಡಿಮೆಯಾಗುವುದಿಲ್ಲ.

"ಕೂಲಿ ಮುರಿದ್ರೆ ಎಲ್ಲರ ಎದೆನೂ ದಾರೀಲೇ ನೆಟ್ಟಗಾಗ್ಬಿಡುತ್ತೆ," ಎನ್ನುತ್ತಾರೆ ಫಿದೆಲಿನಾ. "ಸಿಟ್ಟಲ್ಲಿರೋ ಕೈ ಜೋರು ಮಾಡುತ್ತೆ. ಮದ್ದಿಗೆ ಜೋರು ಆಗಲ್ಲ."

ಊರಿಗೆ ಇದೊಂದು ತಮಾಷೆ. ಹೆಂಡತಿ ಮುಖ ಊದಿಸಿಕೊಂಡರೆ ಗಂಡಂದಿರು, ಯಾಕೆ, ಫಿದೆಲಿನಾಳ ಬೆಂಚಿಗೆ ಹೋಗೋ ಮನಸ್ಸಾಗಿದೆಯಾ ಎಂದು ಕೆಣಕುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಆ ಬೆಂಚಿನ ಒಂದು ತುದಿಯನ್ನು ಬಳುವಳಿಯಾಗಿ ಕೊಡಬೇಕು ಎನ್ನುವವರೂ ಇದ್ದಾರೆ.

ಫಿದೆಲಿನಾ ಈ ಕಸುಬಿಗೆ ಬಂದದ್ದು ಮದುವೆಯಾದ ಮೇಲೆ. ಗಂಡ ನಿಕಾಸಿಯೊ ಅವರ ಮನೆಯಲ್ಲಿ ಎಲ್ಲರೂ ಪಟಾಕಿ ಮಾಡುವವರೇ. ಆಗೆಲ್ಲ ಅಡುಗೆಮನೆಯ ಹಿಂದೆಯೇ ಮದ್ದು ಕುಟ್ಟುತ್ತಿದ್ದರು. ಒಂದು ಬೆಳಗ್ಗೆ ಗಂಡ ಹೆಂಡತಿಗೆ ಮಾತು ಬೆಳೆಯಿತು. ನಿಕಾಸಿಯೊ ಮೆಕ್ಕೆಜೋಳದ ಗಂಜಿ ಕುಡಿಯದೆ ಎದ್ದು ಹಿತ್ತಿಲಿಗೆ ಹೋದರು. ಫಿದೆಲಿನಾ ಕರೆಯಲಿಲ್ಲ. ಒಲೆಯ ಮೇಲಿನ ಗಂಜಿ ಆರುವ ಮೊದಲೇ ಮದ್ದು ಸಿಡಿದು ಹಿತ್ತಿಲ ಗೋಡೆಯೂ ಇರಲಿಲ್ಲ, ನಿಕಾಸಿಯೊ ಅವರೂ ಇರಲಿಲ್ಲ.

ಏನು ಜಗಳ ಎಂದರೆ, ಒಂದು ಕೊಡ ಒಡೆದದ್ದಕ್ಕೆ ಎನ್ನುತ್ತಾರೆ ಫಿದೆಲಿನಾ. ಯಾರು ಒಡೆದದ್ದು ಎಂಬುದು ಅವರಿಗೆ ಈಗ ನೆನಪಿಲ್ಲ.

"ಜಗಳದಿಂದಲೇ ಕಿಡಿ ಹತ್ತಿತು ಅಂತ ನಾನು ಹೇಳಲ್ಲ. ಮದ್ದಲ್ಲಿ ಒಂದು ಕಲ್ಲಿನ ಹರಳು ಸೇರಿರಬಹುದು. ಆದ್ರೆ ಸಮಾಧಾನವಾಗಿದ್ದಿದ್ರೆ ಆ ಹರಳು ಅವ್ರ ಕಣ್ಣಿಗೆ ಬೀಳ್ತಿತ್ತು. ಅವ್ರ ಕಣ್ಣು ಚುರುಕು."

ಇಷ್ಟು ಹೇಳಿ ಅವರು ಮತ್ತೊಂದು ಹಾಳೆ ಎತ್ತಿಕೊಳ್ಳುತ್ತಾರೆ.

ಆಮೇಲಿನ ವರ್ಷಗಳಲ್ಲಿ ಬೇರೆಯವರ ಬಟ್ಟೆ ಒಗೆದರು, ಹೂದೋಟದಲ್ಲಿ ಕಳೆ ಕಿತ್ತರು. ಅಕ್ಕಪಕ್ಕದವರು ಕರೆದರೆಂದು ಪಾದ್ರಿಗಳ ದೊಡ್ಡ ಇಗರ್ಜಿ ಬಿಟ್ಟು ಪಾಸ್ಟರ್ ಒಬ್ಬರು ನಡೆಸುವ ತಗಡಿನ ಸೂರಿನ ಸಣ್ಣ ಸಭೆಗೆ ಹೋಗತೊಡಗಿ, ಅಲ್ಲೇ ದೀಕ್ಷಾಸ್ನಾನ ಪಡೆದರು. ಮದ್ದಿಗೆ ಮತ್ತೆ ಕೈ ಹಾಕಿದ್ದು ಅದಾದ ಮೇಲೆ. ಮನೆಯಿಂದ ದೂರ, ಜೋಳದ ಹೊಲದ ತುದಿಯಲ್ಲಿ ಈ ಮದ್ದಿನ ಮನೆ ಕಟ್ಟಿಸಿದರು. ಒಳಗೆ ಮರದ ಕೊಡತಿ ಮಾತ್ರ, ಬರಿಗಾಲು ಮಾತ್ರ, ಹತ್ತಿಯ ಬಟ್ಟೆ ಮಾತ್ರ. ಕೆಲಸಕ್ಕೆ ಮೊದಲು ಪ್ರಾರ್ಥನೆ ಉಂಟು, ಆದರೆ ಕಣ್ಣು ಮುಚ್ಚುವಂತಿಲ್ಲ. ಮುಂದೆ ಮದ್ದಿರುವಾಗ ಕಣ್ಣು ಬಿಟ್ಟುಕೊಂಡು ಬೇಡಿದರೆ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂಬುದು ಅವರ ನಂಬಿಕೆ.

ಸಭೆಯವರು ವಿಗ್ರಹಗಳನ್ನು ಒಪ್ಪುವುದಿಲ್ಲ, ಸಂತರ ಹಬ್ಬ ಮಾಡುವುದಿಲ್ಲ. ಆದರೆ ಫಿದೆಲಿನಾ ಹತ್ತಿರ ಕೆಲಸ ಮಾಡುವವರಲ್ಲಿ ಅರ್ಧ ಜನ ಸಂತನ ಭಕ್ತರು. ಹಬ್ಬದ ಗರ್ನಾಲಿನ ಗಟ್ಟಿ ಸದ್ದು ಕೇಳಿಯೇ ಗ್ವಾಟೆಮಾಲಾ ನಗರದ ವ್ಯಾಪಾರಿಗಳು ಕ್ರಿಸ್‌ಮಸ್ಸಿನ ಪಟಾಕಿಗೆ ಹೇಳಿ ಹೋಗುವುದು. ಅದರಲ್ಲೇ ಈ ಮನೆಗಳ ವರ್ಷ ಕಳೆಯಬೇಕು. ಫಿದೆಲಿನಾ ಸಂತನಿಗೆ ಗರ್ನಾಲು ಮಾಡುವ ಮಾತನ್ನು ಸಭೆಯಲ್ಲಿ ಕಳೆದ ವಾರದವರೆಗೆ ಯಾರೂ ಎತ್ತಿರಲಿಲ್ಲ. ಪಾಸ್ಟರ್ ಹುಟ್ಟುಹಬ್ಬದ ಬೆಳಗ್ಗೆ ಅವರ ಬಾಗಿಲಲ್ಲಿ ಹಚ್ಚುವ ಸರಪಟಾಕಿಯೂ ಇಲ್ಲಿಯದೇ.

ಆ ಮಾತು ಎತ್ತಿದ್ದು ಮಕಾರಿಯೊ ತುಬಾಕ್. ಪಿಕಪ್ ಗಾಡಿ ಓಡಿಸುವವರು, ಸಭೆಯ ಹಿರಿಯರು. ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಹಿಡಿದು ಒಂದು ಸಾಲಿಗೆ ಅವರು ಹೋದರೆ ಇನ್ನೊಂದು ಸಾಲಿಗೆ ಫಿದೆಲಿನಾ ಹೋಗುವುದು. ಕಳೆದ ವಾರದ ಪ್ರಾರ್ಥನಾ ಕೂಟದಲ್ಲಿ ಮಕಾರಿಯೊ ಎದ್ದು ನಿಂತು, ವಿಗ್ರಹದ ಮುಂದೆ ಸಿಡಿಸುವ ಮದ್ದು ತುಂಬುವ ಕೈ ಕರ್ತನ ರೊಟ್ಟಿ ಹಂಚುವುದು ಸರಿಯೇ ಎಂದು ಕೇಳಿದರು. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಫಿದೆಲಿನಾ ಕೂತಲ್ಲಿಂದಲೇ ಉತ್ತರ ಕೊಟ್ಟರು. "ಆ ಮದ್ದು ಸಂತನ ಹತ್ರ ಹೋಗೋದು ನಿಮ್ಮ ಗಾಡೀಲೇ ಅಲ್ವಾ ಅಣ್ಣ? ದಾರೀಲಿ ಅದು ಪವಿತ್ರ ಆಗ್ಬಿಡುತ್ತಾ?"

ಸಭೆಯೆಲ್ಲ ನಕ್ಕಿತು. ಪಾಸ್ಟರ್ ಕೂಡ ಕೆಮ್ಮು ಬಂದವರಂತೆ ಬಾಯಿಗೆ ಕೈ ಇಟ್ಟುಕೊಂಡರು. ಮಕಾರಿಯೊ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ನೋಡುತ್ತಿದ್ದರು. ಮರುದಿನ ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಸರಿಯಾಗಿ ಕೊಟ್ಟೆ ಎಂದು ಫಿದೆಲಿನಾ ಅವರ ಬೆನ್ನು ತಟ್ಟಿದರು. ಫಿದೆಲಿನಾ ಅವರಿಗೂ ಖುಷಿಯಾಗಿತ್ತು. ಆ ಖುಷಿಯಲ್ಲೇ ಮದ್ದಿನ ಮನೆಗೆ ಬಂದು ಎಲ್ಲರನ್ನೂ ಕೇಳಿ ಒಳಗೆ ಬಿಟ್ಟರು. ಕೊನೆಯವಳಾಗಿ ಬಂದ ಮಿರ್ತಾ ರೂಢಿಯಂತೆ ಅವರನ್ನು ತಿರುಗಿ ಕೇಳಿದಳು. ಫಿದೆಲಿನಾ ಬಾಯಿ ತೆರೆದರು. ನೆಟ್ಟಗಿದೆ ಎಂದರೆ ಸುಳ್ಳಾಗುತ್ತಿತ್ತು. ಹೋಗಿ ಬೆಂಚಿನ ಮೇಲೆ ಕೂತರು.

ಎದೆ ನೆಟ್ಟಗಿದೆ ಅಂದುಬಿಡಿ, ಯಾರು ನೋಡೋಕೆ ಬರ್ತಾರೆ ಎಂದು ಮಿರ್ತಾ ಗೊಣಗುತ್ತಾಳೆ. ಪಾಸ್ಟರ್ ಕೂಡ ಬಂದು ಹೋಗಿದ್ದಾರೆ. ಹೃದಯ ದೇವರಿಗೆ ಗೊತ್ತು, ನೀವು ಒಳಗೆ ಹೋಗಿ ಕೆಲಸ ನೋಡಿ ಎಂದು ಅವರ ಸಲಹೆ. "ದೇವರಿಗೆ ಗೊತ್ತಿರೋದಕ್ಕೇ ಹೊರಗೆ ಕೂತಿದ್ದೀನಿ ಪಾಸ್ಟರ್," ಎಂದು ಫಿದೆಲಿನಾ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದಾರೆ.

ಮಕಾರಿಯೊ ಹತ್ತಿರ ಹೋಗಿ ಕ್ಷಮೆ ಕೇಳಿದರೆ ಮುಗಿಯುತ್ತಿತ್ತು. ಆದರೆ ಸಭೆಯಲ್ಲಿ ಫಿದೆಲಿನಾ ಹೇಳಿದ್ದು ನಿಜ. "ಅದೇ ತೊಂದರೆ. ಸುಳ್ಳು ಹೇಳಿದ್ದಿದ್ರೆ ಅವತ್ತೇ ಹೋಗಿ ಕೈ ಮುಗಿದು ಬರ್ತಿದ್ದೆ."

ಬುಧವಾರ, ಹಬ್ಬ ನಡೆಸುವ ಸಂಘದ ಯಜಮಾನರಾದ ತಿಬುರ್ಸಿಯೊ ಪಿರೀರ್ ಗರ್ನಾಲು ಎಷ್ಟಾಯಿತು ಎಂದು ನೋಡಲು ಬರುತ್ತಾರೆ. ಬೆಂಚಿನ ಮುಂದೆ ನಿಂತು ಸೊಂಟಕ್ಕೆ ಕೈ ಕೊಡುತ್ತಾರೆ.

"ಏನಮ್ಮ, ಕೆಲಸಕ್ಕೆ ಹೊಸಬಳಾ? ಯಜಮಾನಿ ಇದ್ರೆ ಕರಿ."

"ಯಜಮಾನಿಗೆ ಮೈ ಸರಿಯಿಲ್ಲ."

"ನಮ್ಮ ಸಂತನ ಮೇಲೆ ನಿಮ್ಮವರಿಗೆ ಸಿಟ್ಟು ಅಂತ ಕೇಳ್ದೆ."

"ಸಂತನ ತಂಟೆಗೆ ನಾನು ಹೋಗಿಲ್ಲ. ನನ್ನ ಜಗಳ ಗಾಡಿಯವರ ಜೊತೆ."

ಯಜಮಾನರು ನಗುತ್ತಾರೆ, ಆದರೆ ಹೇಳಬೇಕಾದ್ದನ್ನು ಹೇಳಿಯೇ ಹೋಗುತ್ತಾರೆ. ಶನಿವಾರ ಮಧ್ಯಾಹ್ನದೊಳಗೆ ಗರ್ನಾಲು ಬೇಕು. ಇಲ್ಲದಿದ್ದರೆ ಆಚೆ ಇಳಿಜಾರಿನ ಪಟಾಕಿಯವರು ಕಾಯುತ್ತಿದ್ದಾರೆ. ಅಲ್ಲಿ ಕತ್ತಲಾದ ಮೇಲೂ ದೀಪ ಹಚ್ಚಿಕೊಂಡು ಮದ್ದು ತುಂಬುತ್ತಾರೆ. ಅದು ಎಲ್ಲರಿಗೂ ಗೊತ್ತು. ಒಳಗೆ ಕೊಡತಿಯ ಸದ್ದು ನಿಂತಿದೆ. ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಅವರು ಹೋದ ಮೇಲೆ ಮಿರ್ತಾ ಹೊರಗೆ ಬಂದು, ಚಿಕ್ಕಮ್ಮ ಸುತ್ತಿದ ಕೊಳವೆಗಳನ್ನು ಅವರ ಮುಂದೆ ಇಡುತ್ತಾಳೆ. ಒಂದನ್ನು ಎತ್ತಿ ಕೋಲು ಎಳೆದು ತೋರಿಸುತ್ತಾಳೆ. ಕೋಲು ಬರುವುದಿಲ್ಲ. ಅಷ್ಟು ಬಿಗಿಯಾಗಿ ಸುತ್ತಿದ್ದಾರೆ. ಇನ್ನೊಂದನ್ನು ಎಳೆದಾಗ ಪೇಪರೇ ಹರಿಯುತ್ತದೆ. ಫಿದೆಲಿನಾ ಅದನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ. ಈ ಬಿಗಿ ಕೈಗೆ ಮದ್ದು ಸಿಕ್ಕಿದ್ದರೆ ಏನಾಗುತ್ತಿತ್ತೋ ಇಬ್ಬರಿಗೂ ಗೊತ್ತು. ಅವರು ಎದ್ದು ಕೈ ತೊಳೆದು, ತಲೆಗೆ ಶಾಲು ಹೊದ್ದು ಮಕಾರಿಯೊ ಮನೆಯ ಕಡೆ ಇಳಿಜಾರಿನಲ್ಲಿ ನಡೆಯುತ್ತಾರೆ.

ಮಕಾರಿಯೊ ಗಾಡಿಯ ಕೆಳಗೆ ಮಲಗಿದ್ದಾರೆ. ಎರಡು ಬೂಟು ಮಾತ್ರ ಕಾಣುತ್ತಿವೆ.

"ಮಕಾರಿಯೊ ಅಣ್ಣ, ಸ್ವಲ್ಪ ಹೊರಗೆ ಬನ್ನಿ."

"ಅಲ್ಲಿಂದಲೇ ಹೇಳಕ್ಕ. ಕೇಳಿಸುತ್ತೆ."

ಫಿದೆಲಿನಾ ಬೂಟುಗಳಿಗೇ ಹೇಳುತ್ತಾರೆ. "ಅವತ್ತು ಎಲ್ಲರ ಮುಂದೆ ನಿಮ್ಮನ್ನ ನಗೆಪಾಟಲು ಮಾಡ್ದೆ. ತಪ್ಪಾಯ್ತು."

ಕೆಳಗೆ ಸ್ಪ್ಯಾನರಿನ ಸದ್ದು ನಿಲ್ಲುತ್ತದೆ. "ನೀನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಆದ್ರೆ ನಿಜ ತಿಳೀಲಿ ಅಂತ ನಾನು ಹೇಳ್ಲಿಲ್ಲ. ಜನ ನಗ್ಲಿ ಅಂತ ಹೇಳ್ದೆ."

ಮಕಾರಿಯೊ ಹೊರಗೆ ಬರುತ್ತಾರೆ. ಹಣೆಗೆಲ್ಲ ಗ್ರೀಸು. ಆವತ್ತಿನಿಂದ ಮೊಮ್ಮಗಳು ಕೂಡ ಇದನ್ನು ಪವಿತ್ರ ಗಾಡಿ ಎಂದು ಕರೆಯುತ್ತಿದ್ದಾಳೆ ಎಂದು ದೂರುತ್ತಾರೆ. ಫಿದೆಲಿನಾ ತುಟಿ ಕಚ್ಚಿಕೊಂಡು ಕೋಳಿಗಳ ಕಡೆ ನೋಡುತ್ತಾರೆ. ನಗು ಬಂದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ಸರಿಮಾಡಬೇಕು ಎನ್ನುತ್ತಾರೆ ಮಕಾರಿಯೊ. ಆಗಲಿ ಎನ್ನುತ್ತಾರೆ ಫಿದೆಲಿನಾ. ಸಂತನ ಗರ್ನಾಲು ತಪ್ಪೆಂಬ ತಮ್ಮ ಮಾತು ಬದಲಾಗಿಲ್ಲ ಎಂದೂ ಮಕಾರಿಯೊ ಸೇರಿಸುತ್ತಾರೆ.

"ಬದಲಾಯಿಸಿ ಅಂತ ಕೇಳೋಕೆ ಬಂದಿಲ್ಲ. ನನಗೂ ಉತ್ತರ ಗೊತ್ತಿಲ್ಲ ಅಣ್ಣ. ದೇವರ ಹತ್ರ ಕೇಳ್ತಾನೇ ಇದ್ದೀನಿ. ಮದ್ದಿನ ಮನೇಲಿ ದುಡಿಯೋರ ಒಲೆ ಉರೀಬೇಕು, ನೀವು ಹೇಳಿದ್ದೂ ಕಿವೀಲಿದೆ. ತಿಳಿಯೋವರೆಗೆ ರೊಟ್ಟಿ ತಟ್ಟೆ ನಾನು ಹಿಡಿಯಲ್ಲ."

ಇದನ್ನು ಮಕಾರಿಯೊ ನಿರೀಕ್ಷಿಸಿರಲಿಲ್ಲ. ಚಿಂದಿ ಬಟ್ಟೆಯಿಂದ ತುಂಬ ಹೊತ್ತು ಕೈ ಒರೆಸಿಕೊಳ್ಳುತ್ತಾರೆ.

"ಹಾಗಾದ್ರೆ ನಾನೂ ಹಿಡಿಯಲ್ಲ," ಎನ್ನುತ್ತಾರೆ ಕೊನೆಗೆ. "ಆ ಮದ್ದು ಸಾಗಿಸಿ ಬಾಡಿಗೆ ತಗೊಂಡಿದ್ದೀನಲ್ಲ."

ಗುರುವಾರ ಸಂಜೆಯ ಕೂಟದಲ್ಲಿ ಫಿದೆಲಿನಾ ಎದ್ದು ನಿಲ್ಲುತ್ತಾರೆ. ಅಣ್ಣನನ್ನು ಅವಮಾನ ಮಾಡಲು ಆ ಮಾತು ಆಡಿದೆ, ಆಡಿ ಖುಷಿಪಟ್ಟೆ, ಎರಡಕ್ಕೂ ಕ್ಷಮೆ ಬೇಡುತ್ತೇನೆ ಎಂದಷ್ಟೇ ಹೇಳಿ ಕೂತುಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಗಿರಣಿಯ ಹೆಂಗಸರಿಗೆ ಸ್ವಲ್ಪ ನಿರಾಸೆ. ಪಾಸ್ಟರಿಗೆ ತಟ್ಟೆ ಹಿಡಿಯಲು ಇಬ್ಬರನ್ನು ಹುಡುಕುವ ಚಿಂತೆ.

ಶುಕ್ರವಾರ ನಸುಕಿನಲ್ಲಿ ಫಿದೆಲಿನಾ ಚಪ್ಪಲಿ ಬಿಟ್ಟು ಮದ್ದಿನ ಮನೆಯೊಳಗೆ ಹೋಗುತ್ತಾರೆ. ಗುಂಡನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಮರದ ಚಮಚದಿಂದ ಮದ್ದು ಹಾಕಿ, ಮೆಲ್ಲಗೆ ತಟ್ಟುತ್ತಾರೆ. ಬೇಗ ಬೇಗ ಎನ್ನುವ ಮಾತು ಈ ಮನೆಯಲ್ಲಿ ಆಡುವಂತಿಲ್ಲ. ಬೆಳಕು ಕಡಿಮೆಯಾದಾಗ ಎಂದಿನಂತೆ ಎದ್ದುಬಿಡುತ್ತಾರೆ. ಇನ್ನೆರಡು ತುಂಬಬಹುದಿತ್ತು ಎನ್ನುವ ಮಿರ್ತಾಳನ್ನು ನೀರಿನ ಬಕೆಟ್ಟು ಖಾಲಿ ಮಾಡಲು ಕಳಿಸುತ್ತಾರೆ.

ಶನಿವಾರ ಮಧ್ಯಾಹ್ನಕ್ಕೆ ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿದ್ಧವಾಗಿದೆ. ತಿಬುರ್ಸಿಯೊ ಪಿರೀರ್ ಅಷ್ಟನ್ನೇ ತೆಗೆದುಕೊಳ್ಳುತ್ತಾರೆ. ಉಳಿದದ್ದಕ್ಕೆ ಆಚೆ ಇಳಿಜಾರಿಗೆ ಹೇಳಿಯಾಗಿದೆ. ಮುಂದಿನ ವರ್ಷದ ಬಗ್ಗೆ ಅವರು ಮಾತಾಡುವುದಿಲ್ಲ, ಫಿದೆಲಿನಾ ಕೇಳುವುದೂ ಇಲ್ಲ. ನಗರದವರು ಯಾರ ಸದ್ದು ಕೇಳಿ ಯಾರ ಬಾಗಿಲಿಗೆ ಬರುತ್ತಾರೋ ಗೊತ್ತಿಲ್ಲ. ಬಂದಿರುವ ಗಾಡಿ ಮಕಾರಿಯೊ ಅವರದಲ್ಲ. ಆದರೆ ಪೆಟ್ಟಿಗೆಗಳನ್ನು ಎತ್ತಿಡಲು ಅವರು ಬಂದಿದ್ದಾರೆ, ಬೂಟು ಬಿಚ್ಚಿಟ್ಟು. ಸಾಗಿಸಿದರೆ ತಪ್ಪು, ಎತ್ತಿಟ್ಟರೆ ತಪ್ಪಲ್ಲವೇ ಮಾವ ಎಂದು ಮಿರ್ತಾ ಕೆಣಕುತ್ತಾಳೆ.

"ಅದನ್ನೂ ಕೇಳ್ತಿದ್ದೀನಿ ದೇವರನ್ನ. ನೀನು ಆ ಕಡೆ ಹಿಡಿ."

ಗಾಡಿ ಹೊರಟ ಮೇಲೆ ಎಲ್ಲರೂ ಸೂರಿನ ಕೆಳಗೆ ಕೂತು ಕಪ್ಪು ಬೀನ್ಸು, ಬಿಸಿ ತೋರ್ತಿಯಾ ರೊಟ್ಟಿ ತಿನ್ನುತ್ತಾರೆ. ಯಾರೋ ಏನೋ ಹೇಳಿ ನಗಿಸುತ್ತಾರೆ. ಪಶಾಕ್‌ನಲ್ಲಿ ಪಟಾಕಿ ಮಾಡದ ಮನೆ ಕಡಿಮೆ. ಮದ್ದಿಗೆ ಬೆರಳು ಕಳೆದುಕೊಂಡವರು ಬಹಳ, ಕೈ ಕುಲುಕುವಾಗ ಎಷ್ಟು ಬೆರಳು ಸಿಕ್ಕವು ಎಂದು ಇಲ್ಲಿ ಯಾರೂ ಗಮನಿಸುವುದಿಲ್ಲ. ಈ ಸೂರಿನ ಕೆಳಗೆ ತಟ್ಟೆಗೆ ಚಾಚಿದ ಕೈಗಳು ಪೂರ್ತಿಯಾಗಿವೆ.

ಇನ್ನೇನು ಆಸೆ ಎಂದು ಕೇಳಿದರೆ ಫಿದೆಲಿನಾ ತಿನ್ನುವುದನ್ನು ನಿಲ್ಲಿಸಿ ಯೋಚಿಸುತ್ತಾರೆ. ಆಮೇಲೆ ಆ ಕೈಗಳನ್ನೇ ನೋಡುತ್ತ ಹೇಳುತ್ತಾರೆ: "ನನ್ನ ಶವಪೆಟ್ಟಿಗೆ ಹೊರೋದು ಇವರೇ ತಾನೇ. ಅವತ್ತೂ ಇವರಿಗೆ ಹತ್ತು ಬೆರಳೂ ಇರ್ಲಿ."