ಐದು ಮನೆಯ ಯಜಮಾನರು

ಒಂದೇ ಕಟ್ಟಡದಲ್ಲಿ ಐದು ಫ್ಲ್ಯಾಟ್ ಕೊಂಡು, ಒಂದರಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಟ್ಟಿರುವ ಯಜಮಾನರಿಗೆ ಲಿಫ್ಟ್ ನಿಂತರೆ ಎದೆಯೇ ನಿಂತಂತಾಗುತ್ತದೆ. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಸ್ಪ್ಯಾನರ್ ಹಿಡಿದು ಓಡುತ್ತಾರೆ. ಈಗ ಮಗಳು, ಅಳಿಯ ಬಂದು ನೆಲೆಸುವವರಿದ್ದಾರೆ. ಮೂರನೇ ಮಹಡಿಯವರನ್ನು ಬಿಡಿಸಬೇಕು. “ಇವತ್ತಾದ್ರೂ ಬಾಯಿಬಿಟ್ಟು ಹೇಳಿ ಬನ್ನಿ” ಎಂದು ಹೆಂಡತಿ ಅಟ್ಟುತ್ತಾರೆ. ಹೋದವರು ಕೈಯೆಲ್ಲ ಜಿಡ್ಡು ಮಾಡಿಕೊಂಡು ಮರಳುತ್ತಾರೆ. “ಹೇಳಿದ್ರಾ?” “ಚಿಲಕ ಬಿಗಿಯಾಗಿತ್ತು ಕಣೇ, ಎಣ್ಣೆ ಬಿಟ್ಟೆ.” “ಆಯ್ತು, ಇನ್ನು ಅವರು ಜನ್ಮದಲ್ಲಿ ಕದಲಲ್ಲ ಬಿಡಿ!” ಬೈದರೂ ಆಕೆಗೆ ಗೊತ್ತು: ಚಿಕ್ಕಂದಿನಲ್ಲಿ ಮಾಲೀಕರು ಮನೆ ಬಿಡಿಸಿದಾಗಲೆಲ್ಲ, ತಳ್ಳುಗಾಡಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು, ಗೆಳೆಯರ ಕಣ್ಣೆದುರೇ ಬೀದಿ ದಾಟಿದವರು ಇವರು. ಮಗಳು ಬರುವ ಹಿಂದಿನ ದಿನ ಐದು ಮನೆಯ ಯಜಮಾನರು ಮಲಗುವ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ತಮ್ಮ ಮಂಚವನ್ನು ಹಾಲಿಗೆ ಎಳೆದುಕೊಂಡರು; ಇನ್ನೊಂದು ತುದಿ ಹಿಡಿದಿದ್ದವರು ಹೆಂಡತಿಯೇ.