ತಂತಿ ಬ್ರಷ್ಷಿನ ಒಂದು ಎಳೆ

ಬೀದಿಯವರೆಲ್ಲ ಅವನನ್ನು ಕಿಡಿಮಾವ ಅನ್ನುವುದು ವೆಲ್ಡಿಂಗ್ ಕೆಲಸಕ್ಕೋ, ಮೂಗಿನ ತುದಿಯ ಕೋಪಕ್ಕೋ, ಹೇಳುವುದು ಕಷ್ಟ. ತುಕ್ಕು ಕಂಡರಂತೂ ಮೈಯೆಲ್ಲ ಉರಿ. ತಂತಿ ಬ್ರಷ್ಷಿನಿಂದ ಫಳಫಳ ಉಜ್ಜದೆ ಯಾವ ಕಬ್ಬಿಣಕ್ಕೂ ಬೆಸುಗೆ ಹಾಕಿದ ಆಸಾಮಿಯಲ್ಲ.

ಆ ಬೇಸಿಗೆಯಲ್ಲಿ ಅವನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಕರಿದದ್ದು ಬೇಡ ಅಂದಿದ್ದರು ಡಾಕ್ಟರು. ಬೇಯಿಸಿದ್ದು ಕಂಡರೆ ಆಕೆಗೆ ವಾಕರಿಕೆ. ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ಕೈಬಳೆ ಮೊಣಕೈವರೆಗೆ ಜಾರುವುದನ್ನು ನೋಡಲಾರದೆ ಕಿಡಿಮಾವ ಹಳೆಯ ಡ್ರಮ್ಮೊಂದನ್ನು ಸೀಳಿ ಒಲೆ ಮಾಡಿದ, ಮೇಲೆ ಸರಳುಗಳ ಜಾಲರಿ ಕೂರಿಸಿದ. ಬಿಸಿಲು ಇಳಿದ ಮೇಲೆ ತಾರಸಿಯಲ್ಲಿ ಕೆಂಡ ಮಾಡಿ, ನಿಂಬೆರಸ ಸವರಿದ ಮೀನು, ದಪ್ಪ ಮೆಣಸಿನಕಾಯಿ, ಟೊಮೆಟೊ ಸುಟ್ಟ. ಉರಿ ತಾಗಲು ಬಿಡಲಿಲ್ಲ, ಕಪ್ಪಾಗಲೂ ಬಿಡಲಿಲ್ಲ.

"ಇನ್ನೊಂದು ಹಾಕ್ರೀ," ಅಂದಳು ಹೆಂಡತಿ.

ಎಷ್ಟೋ ದಿನಗಳ ಮೇಲೆ ಕೇಳಿದ ಮಾತು. ಪಕ್ಕದಲ್ಲಿ ಕೂತಿದ್ದ ಮಗಳು ಅಪ್ಪನ ಮುಖ ನೋಡಿ ನಕ್ಕಳು. ಕಿಡಿಮಾವ ಹಿಗ್ಗಿ ಹೀರೇಕಾಯಿಯಾಗಿ ಒಂದು ದೊಡ್ಡ ತುಂಡು ಬಡಿಸಿದ. ಖಾಲಿಯಾದ ಜಾಲರಿ ಉಜ್ಜಲೆಂದು ಬ್ರಷ್ ಎತ್ತಿಕೊಂಡ. ಮಧ್ಯಾಹ್ನ ಜಾಲರಿ ಉಜ್ಜಿದ್ದೂ ಅದರಲ್ಲೇ, ತನ್ನ ವೆಲ್ಡಿಂಗ್ ಅಂಗಡಿಯಿಂದ ತಂದ ಅದೇ ಹಳೆಯ ಬ್ರಷ್ಷಿನಲ್ಲಿ.

ಬ್ರಷ್ಷಿನ ನಡುವೆ ಬೋಳು ಬಿದ್ದಿತ್ತು. ಸರಳಿಗೆ ಅಂಟಿಕೊಂಡು ಕೂದಲಿನಷ್ಟು ಸಣ್ಣ ತಂತಿಯೊಂದು ಹೊಳೆಯುತ್ತಿತ್ತು.

ಅವನು ಬ್ರಷ್ ಹಿಡಿದು ನಿಂತಲ್ಲೇ ನಿಂತ. ಹೊಲಿಗೆ ಇನ್ನೂ ಮಾಗದ ಕರುಳಿಗೆ ಆ ಮೊನೆ ಇಳಿದರೆ? ಆದರೆ ಹೇಳಿದರೆ ಇವಳು ಇನ್ನು ಊಟ ಕಂಡರೇ ಬೆದರುತ್ತಾಳೆ. ತಂತಿ ಬರೀ ಜಾಲರಿಯಲ್ಲೇ ಉಳಿದಿರಬಹುದು. ಮೀನಿಗೆ ಅಂಟಿರಲೂಬಹುದು. ಅವನು ಹೀಗೆ ತೂಗುತ್ತಿರುವಾಗಲೇ ಆಕೆ ಒಂದು ತುತ್ತು ನುಂಗಿ ಇನ್ನೊಂದನ್ನು ಬಾಯಿಗಿಟ್ಟಳು.

"ಉಗಿ," ಅಂದ.

"ಏನ್ರೀ ಅದು?"

"ಉಗಿ ಅಂದೆನಲ್ಲ, ಅಗೀಬೇಡ ಕಣೇ."

ಆಕೆ ತಟ್ಟೆಗೆ ಉಗಿದಳು. ಕಿಡಿಮಾವ ತನ್ನ ಕೆಲಸದ ಚೀಲದಿಂದ ಅಯಸ್ಕಾಂತ ತೆಗೆದು ತಟ್ಟೆಯ ಮೇಲೆ ಆಡಿಸಿದ. ಉಗಿದ ಮೀನಿನ ನಡುವಿನಿಂದ ಒಂದು ಎಳೆ ಎದ್ದು ಟಕ್ಕೆಂದು ಅಂಟಿತು.

"ಅಡುಗೆ ಒಲೆಗೂ ನಿಮ್ಮ ಅಂಗಡಿಗೂ ವ್ಯತ್ಯಾಸ ಬೇಡ್ವಾ ಅಪ್ಪಾ?" ಮಗಳ ದನಿ ಒಡೆಯಿತು. ನುಂಗಿದ ತುತ್ತಿನಲ್ಲೂ ಏನಿತ್ತೋ ಎಂದು ಅವನು ಆಟೋ ತರಲು ಓಡಿದ. ಮೂಗಿನ ತುದಿಯ ಕೋಪ ಆ ಹೊತ್ತಿಗೆ ಎಲ್ಲೋ ಅಡಗಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಾಯುವ ಬೆಂಚಿನ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಕೊನೆಗೆ ಡಾಕ್ಟರು ಹೊರಬಂದು, ಒಳಗೆ ಏನೂ ಇಲ್ಲ, ಮನೆಗೆ ಹೋಗಿ ಅಂದರು. ಕಿಡಿಮಾವ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ.

ಮಗಳು ಆಟೋ ಕರೆಯಲು ಹೋದಾಗ ಹೆಂಡತಿ ಕೇಳಿದಳು:

"ಬ್ರಷ್ ನೋಡಿದ ಮೇಲೆ ಸುಮ್ನೆ ನಿಂತಿದ್ರಲ್ಲ. ನಾನು ನೋಡ್ತಾ ಇದ್ದೆ. ಎಷ್ಟು ತುತ್ತು ನುಂಗೋಕೆ ಬಿಟ್ರಿ?"

ಸುಳ್ಳು ಹೇಳಬಹುದಿತ್ತು.

"ಒಂದು," ಅಂದ.

ಆಟೋ ಬಂತು. ಅವನು ಕೈ ಚಾಚಿದ, ಆಕೆ ಹಿಡಿಯದೆ ತಾನೇ ಹತ್ತಿ ಕೂತಳು. ಮನೆಯ ತಿರುವು ಬಂದಾಗ, ರಸ್ತೆ ನೋಡುತ್ತಲೇ ಅಂದಳು:

"ನಾಳೆ ಕೆಂಡ ಮಾಡಿ. ಜಾಲರಿಗೆ ಬ್ರಷ್ ಬೇಡ, ಅರ್ಧ ಈರುಳ್ಳಿ ಸಾಕು, ನಾನೇ ಉಜ್ತೀನಿ. ಮೊದಲ ತುತ್ತು ಮಾತ್ರ ನೀವು ತಿನ್ನಬೇಕು."