ಇಳಿದುಹೋದ ಮೊದಲ ತಂತಿ

ಪೀಣ್ಯದ ಕಾರ್ಖಾನೆಗಳಿಗೆ ವ್ಯಾನಿನಲ್ಲಿ ಹೋಗಿ ಕೆಲಸಗಾರರ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ವ್ಯಾನಿನೊಳಗೆ ಹೊರಗಿನ ಸದ್ದು ಬಾರದಂತೆ ಕಟ್ಟಿದ ಪುಟ್ಟ ಕೋಣೆಯಿದೆ. ಒಬ್ಬೊಬ್ಬರನ್ನೇ ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸ್ವರಗಳನ್ನು ಕೇಳಿಸುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡಿ, ಯಾರ ಕಿವಿ ಮಂದವಾಗಿದೆ ಎಂಬುದು ಅವರು ಮೆಟ್ಟಿಲು ಹತ್ತುವಾಗಲೇ ನನಗೆ ತಿಳಿದುಬಿಡುತ್ತದೆ. ಮಾತಾಡಿಸಿದರೆ ಅಂಥವರು ನಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ. ಕೇಳಿಸದಿದ್ದರೂ ಮೊದಲು ನಕ್ಕುಬಿಡುತ್ತಾರೆ.

ದಿನವಿಡೀ ಆ ಕೀರಲು ಸ್ವರಗಳ ನಡುವೆ ಇದ್ದು ಮನೆಗೆ ಬಂದರೆ ನನಗೆ ಬೇಕಾಗುತ್ತಿದ್ದದ್ದು ಒಬ್ಬರ ಗಿಟಾರ್. ಬ್ಲೂಗ್ರಾಸ್, ಕಂಟ್ರಿ ಎಂದು ಕರೆಯುವ ಅಮೆರಿಕದ ಹಳ್ಳಿಗಾಡಿನ ಸಂಗೀತವನ್ನು, ವೈಟ್‌ಫೀಲ್ಡಿನಲ್ಲೇ ಹುಟ್ಟಿ ಬೆಳೆದ ಒಬ್ಬ ಹಿರಿಯರು ನುಡಿಸುತ್ತಿದ್ದರು. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ತಂಗಿ ಫೋನಿಗೆ ಕಳಿಸಿದ ಧ್ವನಿಮುದ್ರಣದಿಂದ ಹಿಡಿದ ಹುಚ್ಚು ಅದು. ಸಿಕ್ಕಿದ್ದೆಲ್ಲ ಬರೀ ಧ್ವನಿ, ಅವರನ್ನು ನೋಡಿರಲಿಲ್ಲ. ಎಲ್ಲಕ್ಕಿಂತ ತೆಳುವಾದ ಆ ಮೊದಲ ತಂತಿಯನ್ನು ಅವರ ಹಾಗೆ ಯಾರೂ ನುಡಿಸುತ್ತಿರಲಿಲ್ಲ. ಉಳಿದ ಐದು ಮೆತ್ತಗೆ ನಡೆಯುತ್ತಿದ್ದರೆ, ಅದೊಂದು ಮಾತ್ರ ಯಾರೋ ಹೊಡೆದು ಎಬ್ಬಿಸಿದಂತೆ ಛಟ್ಟನೆ ಏಳುತ್ತಿತ್ತು. "ಅದು ಅವರಿಗೆ ಮಾತ್ರ ಬರೋದು ರೀ" ಎಂದು ಗಂಡನಿಗೆ ಎಷ್ಟು ಸಲ ಹೇಳಿದ್ದೆನೋ.

ಕಳೆದ ವರ್ಷ ಕುಂದಲಹಳ್ಳಿಯ ಹತ್ತಿರ ಒಂದು ಸಣ್ಣ ಸಭಾಂಗಣದಲ್ಲಿ ಅವರ ಕಛೇರಿ ಇದೆ ಎಂದು ಗೊತ್ತಾಯಿತು. ಭಾನುವಾರ, ಸಂಜೆ ನಾಲ್ಕು ಗಂಟೆಗೆ. ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಹೋದೆವು. "ಒಂದು ಗಿಟಾರ್‌ಗೆ ಊರಿನ ಈ ತುದಿಯಿಂದ ಆ ತುದಿಗೆ ಕರ್ಕೊಂಡ್ ಬಂದೆಯಲ್ಲೇ" ಎಂದು ಗಂಡ ದಾರಿಯುದ್ದಕ್ಕೂ ಗೊಣಗಿದರು.

ನಮಗೆ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ, ತೆಳ್ಳನೆಯ ಮನುಷ್ಯ ವೇದಿಕೆಗೆ ಬಂದರು. ಪಕ್ಕದಲ್ಲಿ ಆಳೆತ್ತರದ ಬೇಸ್ ವಾದ್ಯ ಹಿಡಿದು ಅವರ ಮಗಳು, ಆಚೆ ಬ್ಯಾಂಜೋ ನುಡಿಸುವ ಒಬ್ಬ ಯುವಕ. ಮೊದಲ ತುಣುಕಿಗೇ ನನ್ನ ಕಣ್ಣು ತುಂಬಿತು. ಅದು ಮುಗಿದ ಮೇಲೆ ಮೈಕಿನವನು ಬದಿಯಿಂದ ಏನೋ ಕೇಳಿದ. ಅವರು ಮೊದಲು ನಕ್ಕರು. ಆಮೇಲೆ ಅವನ ತುಟಿ ನೋಡಿದರು.

ಇಲ್ಲ, ಇದು ನನ್ನ ಕೆಲಸದ ಚಾಳಿ, ಎಲ್ಲರಲ್ಲೂ ಅದೇ ಕಾಣುತ್ತದೆ ಎಂದುಕೊಂಡೆ. ಆದರೆ ಅವರು ಮಗಳಿಗೆ ಎಷ್ಟು ಹತ್ತಿರ ನಿಂತಿದ್ದರೆಂದರೆ ಮೊಣಕೈ, ಅದರ ಕಂಪನ ಹಿಡಿಯುವಂತೆ, ಬೇಸಿನ ಮರಕ್ಕೆ ತಾಗಿಕೊಂಡೇ ಇತ್ತು.

ನಾಲ್ಕನೆಯ ತುಣುಕಿನ ನಡುವೆ ಮೊದಲ ತಂತಿ ಸಡಿಲಗೊಂಡು ಶ್ರುತಿ ಇಳಿಯಿತು. ಸಭೆಯಲ್ಲಿ ಎಲ್ಲರಿಗೂ ಕೇಳಿಸಿತು. ಬ್ಯಾಂಜೋದವನು ಮುಖ ಹಿಂಡಿದ. ಅವರು ಮಾತ್ರ ಕಣ್ಣು ಮುಚ್ಚಿ, ಮುಗುಳ್ನಗುತ್ತ ಆ ಕೆಟ್ಟ ತಂತಿಯನ್ನೇ ಮತ್ತೆ ಮತ್ತೆ ಎತ್ತಿ ಹೊಡೆಯುತ್ತಿದ್ದರು. ಮಗಳು ಬೇಸಿನಿಂದ ಕೈ ತೆಗೆದು ಅವರ ಭುಜ ಮುಟ್ಟಿ, ಮೊದಲ ತಂತಿ ಎನ್ನುವಂತೆ ಒಂದು ಬೆರಳು ತೋರಿಸಿದಳು. ಅವರು ಕಣ್ಣು ಬಿಟ್ಟು, ಗಿಟಾರಿನ ತಲೆಗೆ ಸಿಕ್ಕಿಸಿದ್ದ, ಶ್ರುತಿ ಸರಿಯಾದದ್ದನ್ನು ತೋರಿಸುವ ಪುಟ್ಟ ಯಂತ್ರದಲ್ಲಿ ಹಸಿರು ದೀಪ ಹೊತ್ತುವವರೆಗೆ ಬಿರಡೆ ತಿರುಗಿಸಿದರು. ಕಿವಿಗೊಡಲೇ ಇಲ್ಲ. ತಮಾಷೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

"ಏನಾಯ್ತೇ? ನೀನ್ಯಾಕೆ ಚಪ್ಪಾಳೆ ತಟ್ತಿಲ್ಲ?" ಎಂದರು ಗಂಡ.

"ಅವರಿಗೆ ಕೇಳಿಸ್ತಿಲ್ಲ ರೀ."

ಉಳಿದ ಕಛೇರಿಯಲ್ಲಿ ಏನು ನುಡಿಸಿದರೋ ನನಗೆ ನೆನಪಿಲ್ಲ. ಮುಗಿದ ಮೇಲೆ ವೇದಿಕೆಯ ಬಳಿ ಹೋದೆ. ಮುಖ ಕಾಣುವಂತೆ ಎದುರಿಗೆ ನಿಂತು, ನಿಧಾನವಾಗಿ, "ತುಂಬಾ ವರ್ಷದಿಂದ ಕೇಳ್ತಿದ್ದೀನಿ ಸಾರ್" ಎಂದೆ. ನಾನು ಹಾಗೆ ನಿಂತದ್ದನ್ನು ಅವರು ಗಮನಿಸಿದರು.

"ಏನ್ ಕೆಲಸ ಮಾಡ್ತೀರಮ್ಮಾ?"

"ಪೀಣ್ಯದಲ್ಲಿ, ಫ್ಯಾಕ್ಟರಿಯವರಿಗೆ ಕಿವಿ ಟೆಸ್ಟ್ ಮಾಡ್ತೀನಿ."

ಅವರು ಮಗಳ ಕಡೆ ನೋಡಿದರು. ಅವಳು ದೂರದಲ್ಲಿ ವಯರು ಸುತ್ತುತ್ತಿದ್ದಳು. "ಹಂಗಾದ್ರೆ ನಿಮಗೆ ಗೊತ್ತಾಗೋಗಿದೆ" ಎಂದು ಮೆಲ್ಲನೆ ಹೇಳಿದರು. "ನಾನೂ ಪೀಣ್ಯದಲ್ಲೇ ಇದ್ದೆ. ಇಪ್ಪತ್ತಾರು ವರ್ಷ ಪ್ರೆಸ್ ಶಾಪು. ತಗಡು ಒತ್ತೋ ಮಿಷನ್."

"ಕಿವಿಗೆ ಏನೂ ಹಾಕ್ಕೊಳ್ತಿರ್ಲಿಲ್ವಾ ಸಾರ್?"

"ಕೊಡ್ತಿದ್ರು. ಹಾಕ್ಕೊಂಡ್ರೆ ಮಿಷನ್ ಸದ್ದು ಬದಲಾಗಿದ್ದು ಗೊತ್ತಾಗಲ್ಲ, ಕೈ ಸಿಕ್ಕಾಕೊಳ್ಳುತ್ತೆ. ಗಿಟಾರ್‌ಗೆ ಬೆರಳು ಬೇಕಲ್ವಾ? ಅದಕ್ಕೇ ತೆಗೆದಿಡ್ತಿದ್ದೆ."

"ನಿಮ್ಮ ಮೊದಲನೇ ತಂತಿ ಅಂದ್ರೆ ನಂಗೆ ಪ್ರಾಣ ಸಾರ್" ಎಂದೆ.

ಅವರು ನನ್ನ ತುಟಿಯನ್ನೇ ನೋಡಿ, ಎರಡನೆಯ ಸಲ ಹೇಳಿಸಿಕೊಂಡರು. "ಅದೇ ನಂಗೆ ಕೇಳಿಸದೇ ಇರೋದು. ಬೆರಳಿಗಾದ್ರೂ ಗೊತ್ತಾಗ್ಲಿ ಅಂತ ಜೋರಾಗಿ ಹೊಡೀತೀನಿ."

ಬರುವಾಗ ಮೆಟ್ರೋದಲ್ಲಿ ತಂಗಿ ಕಳಿಸಿದ್ದ ಆ ಧ್ವನಿಮುದ್ರಣವನ್ನು ಮತ್ತೆ ಹಾಕಿ ಕೇಳಿದೆ. ಇಷ್ಟು ವರ್ಷ ನಾನು ಕಣ್ಣು ಮುಚ್ಚಿ ಸವಿದದ್ದು ಒಬ್ಬ ಕಿವುಡನ ತಡಕಾಟವನ್ನು. ಅದೂ ನಾನು. ದಿನಾ ಕಿವುಡನ್ನು ಅಳೆಯುವವಳು.

ಸಭಾಂಗಣದಿಂದ ಹೊರಡುವ ಮೊದಲು ನಾನು ಅವರಿಗೆ ಕೊಟ್ಟಿದ್ದ ನಂಬರಿಗೆ ಮಗಳು ಫೋನ್ ಮಾಡಿ, ಮುಂದಿನ ಶನಿವಾರ ತಂದೆಯನ್ನು ನಮ್ಮ ವ್ಯಾನಿಗೆ ಕರೆದುಕೊಂಡು ಬಂದಳು. ತಗ್ಗಿನ ಸ್ವರಗಳಿಗೆ ಅವರು ತಾಳ ಹಾಕಿದಷ್ಟು ಕರಾರುವಾಕ್ಕಾಗಿ ಗುಂಡಿ ಒತ್ತಿದರು. ಸ್ವರ ಮೇಲಕ್ಕೆ ಹೋದಂತೆ ಬೆರಳು ನಿಂತುಹೋಯಿತು. ಯಂತ್ರವನ್ನು ಕೊನೆಯ ಮಟ್ಟದವರೆಗೆ ಏರಿಸಿದೆ. ಗಾಜಿನಾಚೆ ಅವರು ಶಾಂತವಾಗಿ, ಇನ್ನೂ ಪರೀಕ್ಷೆ ಶುರುವಾಗಿಲ್ಲವೆಂಬಂತೆ ಕಾಯುತ್ತಿದ್ದರು. ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು.

ವರದಿಯನ್ನು ಕೊಡಲು ಹೋದರೆ, "ಇವಳಿಗೆ ಹೇಳಿ" ಎಂದರು. "ಹತ್ತು ವರ್ಷದಿಂದ ಬೆರಳು ತೋರಿಸ್ತಾಳೆ. ಏನಾಗಿದೆ ಅಂತ ಒಂದ್ಸಲಾನೂ ಕೇಳಿಲ್ಲ."

"ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ ಡ್ಯಾಡಿ" ಎಂದಳು ಮಗಳು.

ಟೀ ತರುತ್ತೇನೆಂದು ನಾನು ಕೆಳಗಿಳಿದೆ. ಹತ್ತು ವರ್ಷ ಒಂದೇ ವೇದಿಕೆಯಲ್ಲಿ ಮೊಣಕೈ ತಾಗಿಸಿಕೊಂಡು ನಿಂತವರು ಈ ಒಂದು ಮಾತನ್ನು ಆಡಿರಲಿಲ್ಲ.

ಆಮೇಲೆ ಅವರಿಗೆ ಶ್ರವಣ ಯಂತ್ರ ಹಾಕಿಸಿದೆವು. ಅದರಲ್ಲಿ ಗಿಟಾರ್ ತಗಡು ಕೆರೆದ ಹಾಗೆ ಕೇಳುತ್ತದೆಂದು, ನುಡಿಸುವಾಗ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಊಟಕ್ಕೆ ಕೂತಾಗ ಮಾತ್ರ ಮರೆಯದೆ ಹಾಕಿಕೊಳ್ಳುತ್ತಾರೆ, ಈಗ ಅಪ್ಪನ ಮಾತು ನಿಲ್ಲಿಸುವುದೇ ಕಷ್ಟ ಎಂದು ಮಗಳು ಮೊನ್ನೆ ಫೋನಿನಲ್ಲಿ ಹೇಳಿದಳು.